ಬಾಲ್ಕನಿಯಲ್ಲೊಂದು ಕೆಲಸದ ಜಾಗ: ಮುಂಬಯಿ, ಪುಣೆಯ ಮಳೆಗಾಲವನ್ನೂ ತಾಳುವಂತೆ ಅಣಿಗೊಳಿಸುವುದು ಹೇಗೆ

ಬಾಲ್ಕನಿಗೆ ಮೇಜು ಹಾಕಿಕೊಳ್ಳುವ ಆಸೆ ಮುಂಬಯಿಯಲ್ಲಿ ಹೆಚ್ಚಿನವರಿಗೆ ಹುಟ್ಟುವುದು ಡಿಸೆಂಬರ್‌ನಲ್ಲಿ. ಸೆಕೆ ಇಳಿದಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ಮಳೆಯ ನೆನಪೇ ಇರುವುದಿಲ್ಲ. ಆಗ ಕೊಂಡ ಸಾಮಾನು ಮುಂದಿನ ಆಗಸ್ಟ್ ಹೊತ್ತಿಗೆ ಊದಿದ ಪ್ಲೈವುಡ್, ತುಕ್ಕು ಹಿಡಿದ ಕಾಲು, ಬೂಸ್ಟು ಬಂದ ಕುಶನ್ ಆಗಿ ಗುಜರಿ ಕೊಳ್ಳುವ ಭಂಗಾರ್‌ವಾಲಾನ ಗಾಡಿ ಸೇರುತ್ತದೆ. ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾಡಿಕೆಯಾಗಿ 2,300 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಜುಲೈ ಒಂದರಲ್ಲೇ 800 ಮಿ.ಮೀ. ದಾಟುತ್ತದೆ. ಪುಣೆಯಲ್ಲಿ ಮಳೆ ಇದರ ಸುಮಾರು ನಾಲ್ಕನೇ ಒಂದು ಪಾಲಿನಷ್ಟೇ, ಆದರೆ ಅಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲೂ ಸಂಜೆಯ ಗುಡುಗು ಗಾಳಿಯೂ ಬೇರೆಯೇ ಲೆಕ್ಕ.

ಹಾಗಾಗಿ ಮೊದಲ ದಿನದಿಂದಲೇ ಒಂದು ನಿಯಮ ಇಟ್ಟುಕೊಳ್ಳಿ. ಹೊರಗೇ ಉಳಿಯುವ ವಸ್ತು ತೊಪ್ಪೆಯಾಗುವಷ್ಟು ನೆನೆದರೂ ಕೆಡಬಾರದು. ನೆನೆದರೆ ಕೆಡುವ ವಸ್ತು ಎರಡು ನಿಮಿಷದಲ್ಲಿ ಒಳಗೆ ಬರಬೇಕು. ಕೆಳಗಿನ ಪ್ರತಿಯೊಂದು ಆಯ್ಕೆಯನ್ನೂ ಈ ನಿಯಮಕ್ಕೆ ಹಿಡಿದು ನೋಡಿದರೆ ಅರ್ಧ ಗೊಂದಲ ತಾನೇ ಕರಗುತ್ತದೆ. ಕೆಲಸದ ಅನುಕ್ರಮವೂ ಮುಖ್ಯ: ಮೊದಲು ಬಿಸಿಲು ಮಳೆಗಳ ತಡೆ, ನಂತರ ವಿದ್ಯುತ್ತು, ಆಮೇಲೆ ಮೇಜು, ಕೊನೆಗೆ ಕುರ್ಚಿ. ಬಹುತೇಕರು ಇದನ್ನು ತಿರುಗಾಮುರುಗಾ ಮಾಡಿ ಮೊದಲು ಮೇಜು ತರುತ್ತಾರೆ. ಆಮೇಲೆ ಪ್ಲಗ್ ಸಿಗದ ಕಡೆ, ಎರಚಲು ಹೊಡೆಯುವ ಮೂಲೆಯಲ್ಲಿ ಅದನ್ನು ಕೂಡಿಸುತ್ತಾರೆ.

ಮೊದಲು ನೋಡಿ, ಅಳೆಯಿರಿ

ಬಾಲ್ಕನಿ ಯಾವ ದಿಕ್ಕಿಗಿದೆ ಎಂಬುದನ್ನು ಫೋನಿನ ದಿಕ್ಸೂಚಿಯಲ್ಲಿ ನೋಡಿಕೊಳ್ಳಿ. ಮುಂಬಯಿ ಇರುವುದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಪುಣೆ 18.5ರಲ್ಲಿ. ಇದರಿಂದಾಗಿ ಡಿಸೆಂಬರ್ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ 47–48 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಮೇ ಮಧ್ಯದಲ್ಲಿ ನೆತ್ತಿಯ ಮೇಲೆಯೇ ಬಂದು, ಜೂನ್‌ನಲ್ಲಿ ಕೊಂಚ ಉತ್ತರಕ್ಕೂ ದಾಟುತ್ತಾನೆ. ದಕ್ಷಿಣಕ್ಕೆ ಮುಖ ಮಾಡಿದ, ಮೇಲೆ 2.7 ಮೀಟರ್ ಎತ್ತರದಲ್ಲಿ ಸ್ಲ್ಯಾಬ್ ಇರುವ ಬಾಲ್ಕನಿಯಲ್ಲಿ ಡಿಸೆಂಬರ್ ಬಿಸಿಲು ಅಂಚಿನಿಂದ ಸುಮಾರು 2.5 ಮೀಟರ್ ಒಳಗೆ ಬರುತ್ತದೆ, ಅಂದರೆ ಬಾಲ್ಕನಿ ದಾಟಿ ಹಾಲ್‌ವರೆಗೆ. ಮಾರ್ಚ್ ಕೊನೆಗೆ ಅದು ಒಂದು ಮೀಟರ್‌ಗೂ ಕಡಿಮೆ. ಮೇ ತಿಂಗಳ ಮಧ್ಯಾಹ್ನ ಒಳಗೆ ಬರುವುದೇ ಇಲ್ಲ. ದಕ್ಷಿಣದ ಬಾಲ್ಕನಿಗೆ ನೆರಳು ಬೇಕಾಗುವುದು ಚಳಿಗಾಲದಲ್ಲಿ ಎಂಬುದು ಅನೇಕರಿಗೆ ಹೊಳೆಯದ ಸಂಗತಿ.

ಪಶ್ಚಿಮದ ಬಾಲ್ಕನಿ ಕಷ್ಟದ್ದು. ಮೂರು ಗಂಟೆಯ ಮೇಲೆ ಬಿಸಿಲು ಓರೆಯಾಗಿ ನುಗ್ಗುವುದರಿಂದ ತಲೆ ಮೇಲಿನ ಸ್ಲ್ಯಾಬ್ ಏನೂ ಮಾಡಲಾರದು. ನೇತುಬೀಳುವ ಪರದೆಯೇ ಬೇಕು. ಪೂರ್ವಕ್ಕಿದ್ದರೆ ಹನ್ನೊಂದರ ಹೊತ್ತಿಗೆ ಬಿಸಿಲಿನ ಕಾಟ ಮುಗಿಯುತ್ತದೆ. ಕಂಪ್ಯೂಟರ್ ಪರದೆಗೆ ಎಲ್ಲಕ್ಕಿಂತ ಒಳ್ಳೆಯದು ಉತ್ತರ. ವರ್ಷದ ಹೆಚ್ಚಿನ ಭಾಗ ನೇರ ಬಿಸಿಲಿಲ್ಲ, ಸಮನಾದ ಬೆಳಕಿರುತ್ತದೆ. ಎರಡು ಬಾಲ್ಕನಿಗಳಿದ್ದು ಒಂದು ಉತ್ತರದ್ದಾಗಿದ್ದರೆ, ಅದು ಬಟ್ಟೆ ಒಣಗಿಸುವ ಡ್ರೈ ಬಾಲ್ಕನಿಯೇ ಆದರೂ, ಕೆಲಸಕ್ಕೆ ಅದನ್ನೇ ಆರಿಸಿ.

ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುವುದರಿಂದ ಎರಚಲು ಪಶ್ಚಿಮ ಮತ್ತು ದಕ್ಷಿಣದ ಬಾಲ್ಕನಿಗಳಿಗೇ ಹೆಚ್ಚು. ಎಲ್ಲಿಯವರೆಗೆ ನೀರು ಬರುತ್ತದೆಂದು ತಿಳಿಯಲು ಮಳೆಯ ದಿನ ನೆಲದ ಮೇಲೆ ಹಳೆಯ ಪತ್ರಿಕೆಯ ಹಾಳೆಗಳನ್ನು ಸಾಲಾಗಿ ಹಾಸಿ, ಅರ್ಧ ಗಂಟೆಯ ನಂತರ ಒದ್ದೆಯಾದ ಗಡಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಮಳೆಗಾಲ ದೂರವಿದ್ದರೆ ಗೋಡೆಯನ್ನೇ ನೋಡಿ. ಬಣ್ಣ ಗುಳ್ಳೆ ಎದ್ದಿರುವುದು, ಕೆಳಭಾಗದಲ್ಲಿ ಒಣಗಿದ ಪಾಚಿಯ ಕಪ್ಪು ಗುರುತು, ಅಲ್ಯೂಮಿನಿಯಂ ಚೌಕಟ್ಟಿನ ಬಿಳಿ ಕಲೆ, ಇವೆಲ್ಲ ಕಳೆದ ವರ್ಷದ ನೀರಿನ ಲೆಕ್ಕವನ್ನೇ ಹೇಳುತ್ತವೆ. ಮೇಜೂ ಪ್ಲಗ್ಗೂ ಆ ಗೆರೆಯ ಒಳಗಡೆಗೇ ಇರಲಿ.

ಇನ್ನು ಅಳತೆ. ಮೇಜಿನ ಆಳ 500 ಮಿ.ಮೀ., ಕುರ್ಚಿ ಹಿಂದೆ ಸರಿಸಲು 700–750 ಮಿ.ಮೀ. ರೇಲಿಂಗ್‌ಗೆ ಮುಖ ಮಾಡಿ ಕೂರಬೇಕೆಂದರೆ ಸುಮಾರು 1.25 ಮೀಟರ್ ಆಳ ಬೇಕು. ಡೊಂಬಿವಲಿ, ಮೀರಾ ರೋಡ್ ಕಡೆಯ ಎಷ್ಟೋ ಫ್ಲ್ಯಾಟ್‌ಗಳ ಗ್ಯಾಲರಿ ಅಷ್ಟಿರುವುದಿಲ್ಲ. ಆಗ ಮೇಜನ್ನು ಬಾಲ್ಕನಿಯ ಗಿಡ್ಡ ಬದಿಯ ಗೋಡೆಗೆ ಹಾಕಿ. 900 ಮಿ.ಮೀ. ಅಗಲ ಸಿಕ್ಕರೆ ಸಾಕು, ಉದ್ದಕ್ಕೆ ಬೇಕಾದಷ್ಟು ಜಾಗ ಇರುತ್ತದೆ. ಹೀಗೆ ಕೂತರೆ ಬೆಳಕು ಪಕ್ಕದಿಂದ ಬರುವುದರಿಂದ ಕಂಪ್ಯೂಟರ್ ಪರದೆ ನೋಡಲೂ ಇದೇ ಸರಿಯಾದ ಭಂಗಿ. ಜಾಗ ಧಾರಾಳವಾಗಿದ್ದರೂ ನಮ್ಮ ಶಿಫಾರಸು ಗಿಡ್ಡ ಗೋಡೆಯೇ.

ಸೊಸೈಟಿ, ಸ್ಲ್ಯಾಬ್, ಭಾರ

ಕಟ್ಟಡದ ಹೊರನೋಟ ಬದಲಾಗುವ ಯಾವುದೇ ಕೆಲಸಕ್ಕೂ, ಅಂದರೆ ಹೊರಚಾಚುವ ಶೆಡ್, ಬಣ್ಣದ ಪರದೆ, ಬಲೆ, ಇವಕ್ಕೆ ಸೊಸೈಟಿಯ (ಕಟ್ಟಡದ ಮನೆಯವರ ಸಂಘ) ಸೆಕ್ರೆಟರಿಗೆ ಪತ್ರ ಬರೆದು ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬಾಲ್ಕನಿಯನ್ನು ಗಾಜಿನಿಂದ ಶಾಶ್ವತವಾಗಿ ಮುಚ್ಚುವುದು ಬೇರೆಯೇ ವಿಷಯ. ಅದಕ್ಕೆ ಪಾಲಿಕೆಯ ಅನುಮತಿ ಬೇಕು, ಮುಚ್ಚಿದ ಮೇಲೆ ಅದು ಹೊರಗಿನ ಜಾಗವಾಗಿ ಉಳಿಯುವುದೂ ಇಲ್ಲ. ಬಾಡಿಗೆ ಮನೆಯಾದರೆ ಗೋಡೆ ಕೊರೆಯುವ ಮೊದಲು ಮಾಲೀಕರನ್ನು ಕೇಳಿ.

ಹೊಸ ಕಟ್ಟಡಗಳ ಬಾಲ್ಕನಿಯನ್ನು ಭಾರತೀಯ ಮಾನಕದಂತೆ ಚದರ ಮೀಟರ್‌ಗೆ ಸುಮಾರು 300 ಕಿಲೋ ಭಾರ ತಾಳುವಂತೆ ವಿನ್ಯಾಸ ಮಾಡುತ್ತಾರೆ. ಮೇಜು, ಕುರ್ಚಿ, ಒಬ್ಬ ಮನುಷ್ಯ ಇದಕ್ಕೆ ಏನೂ ಅಲ್ಲ. ಭಾರ ಏರಿಸುವುದು ಮಣ್ಣು. 14 ಇಂಚಿನ ಒಂದು ಕುಂಡ ನೀರುಂಡ ಮೇಲೆ ಹತ್ತಾರು ಕಿಲೋ ತೂಗುತ್ತದೆ, ಅಂಥ ಆರೇಳನ್ನು ಅಂಚಿಗೆ ಸಾಲಾಗಿಟ್ಟರೆ ಲೆಕ್ಕ ಬೇರೆಯಾಗುತ್ತದೆ. ಹಳೆಯ ಕಟ್ಟಡದಲ್ಲಿ ಮೇಲಿನ ಬಾಲ್ಕನಿಯ ತಳವನ್ನೂ ನಿಮ್ಮದರ ತಳವನ್ನೂ ನೋಡಿ. ಸರಳಿನ ಗುಂಟ ಉದ್ದನೆಯ ಬಿರುಕು, ತುಕ್ಕಿನ ಕಂದು ಕಲೆ, ಉದುರಿದ ಪ್ಲಾಸ್ಟರ್ ಕಂಡರೆ ಅಲ್ಲಿ ಹೊಸ ಭಾರ ಇಡಬೇಡಿ. ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆ, ಕಡ್ಡಾಯ. ಆ ವರದಿಯನ್ನು ಸೊಸೈಟಿ ಆಫೀಸಿನಲ್ಲಿ ಕೇಳಿ ಓದಿ.

ಬಿಸಿಲಿಗೂ ಎರಚಲಿಗೂ ತಡೆ

ಕರಾವಳಿಯ ಮನೆಗಳ ಜಗಲಿಯಲ್ಲಿ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲೂ ಕೂತು ಓದಬಹುದಾಗಿದ್ದುದು ಮಾಡಿನ ಸೂರು ಹೊರಕ್ಕೆ ಚಾಚಿ ತಲೆಗೆ ತಾಗುವಷ್ಟು ಕೆಳಗೆ ಇಳಿದಿರುತ್ತಿದ್ದುದರಿಂದ. ಫ್ಲ್ಯಾಟ್‌ನ ಸ್ಲ್ಯಾಬ್ ಮಟ್ಟಸವಾಗಿ ಒಂಬತ್ತು ಅಡಿ ಎತ್ತರದಲ್ಲಿ ನಿಂತುಬಿಡುತ್ತದೆ. ಆ ಇಳಿಸೂರಿನ ಕೆಲಸವನ್ನು ಇಲ್ಲಿ ಪರದೆ ಮಾಡಬೇಕು.

ಬಿಸಿಲಿಗೆ ಚಿಕ್ ಎಂಬ ಬಿದಿರು ಕಡ್ಡಿಯ ಪರದೆ ಒಳ್ಳೆಯದು, ಗಾಳಿಯಾಡುತ್ತದೆ. ಆದರೆ ಜೂನ್ ಮೊದಲ ವಾರದೊಳಗೆ ಅದನ್ನು ಬಿಚ್ಚಿ ಒಣ ಜಾಗದಲ್ಲಿ ಸುತ್ತಿಡಬೇಕು, ಇಲ್ಲವಾದರೆ ದಾರ ಕೊಳೆತು ಕಡ್ಡಿಗೆ ಬೂಸ್ಟು ಹಿಡಿಯುತ್ತದೆ. ಹಸಿರು ಶೇಡ್ ನೆಟ್ ಅಗ್ಗದ ದಾರಿ. ನರ್ಸರಿಯವರು ಗಿಡಕ್ಕೆಂದು ಕೊಡುವ 50 ಶೇಕಡಾದ್ದು ಮನುಷ್ಯರಿಗೆ ಸಾಲದು, 75 ಶೇಕಡಾದ್ದು ಕೇಳಿ. 90ರದ್ದು ಹಾಕಿದರೆ ಗಾಳಿ ನಿಂತು ಸೆಕೆ ಹೆಚ್ಚುತ್ತದೆ. ಯುವಿ ತಾಳುವ ಬಗೆಯದೇ ಎಂದು ಖಚಿತಪಡಿಸಿಕೊಳ್ಳಿ, ಇಲ್ಲದಿದ್ದರೆ ಬಿಸಿಲಿಗೆ ಬೇಗ ಪುಡಿಯಾಗಿ ಉದುರುತ್ತದೆ.

ಮಳೆಗೆ ಬೇಕಾದದ್ದು ಪಾರದರ್ಶಕ ಪಿವಿಸಿಯ ಸುತ್ತುವ ಪರದೆ, ಮುಂಬಯಿಯ ಹೋಟೆಲ್‌ಗಳು ಮಳೆಗಾಲದಲ್ಲಿ ಇಳಿಬಿಡುತ್ತವಲ್ಲ, ಅದೇ. 0.5 ಮಿ.ಮೀ. ದಪ್ಪದ್ದು ತೆಗೆದುಕೊಳ್ಳಿ. ತೆಳುವಾದದ್ದು ಗಾಳಿಗೆ ಪಟಪಟ ಬಡಿದು ಐಲೆಟ್ (ಹಗ್ಗ ತೂರಿಸುವ ಲೋಹದ ಬಳೆ) ಹತ್ತಿರ ಹರಿಯುತ್ತದೆ. ಕೆಳ ಅಂಚಿನ ಮಡಿಕೆಯೊಳಗೆ 25 ಮಿ.ಮೀ. ಪಿವಿಸಿ ಪೈಪ್ ತೂರಿಸಿ ಅದರೊಳಗೆ ಮರಳು ತುಂಬಿ ಎರಡೂ ಬಾಯಿ ಮುಚ್ಚಿ. ಬದಿಗಳನ್ನು ಪ್ರತಿ ಎರಡು ಅಡಿಗೊಂದು ಕಡೆ ಗ್ರಿಲ್‌ಗೆ ಕಟ್ಟಿ. ಪರದೆ ಗ್ರಿಲ್‌ನ ಒಳಬದಿಗೆ ಇರಲಿ. ಹೊರಬದಿಗೆ ಹಾಕಿದರೆ ಗಾಳಿಯ ದಿನ ಕೈಚಾಚಿ ಸುತ್ತುವುದು ಅಪಾಯ. ಗಾಳಿಗೆಂದು ಕೆಳಗೆ ಒಂದು ಗೇಣು ಬಿಡಿ, ಮೇಲೆ ಬಿಡಬೇಡಿ. ಮೇಲಿನ ಸಂದಿಯಿಂದ ನುಗ್ಗಿದ ಎರಚಲು ಓರೆಯಾಗಿ ಇಳಿದು ಮೇಜಿನ ಮೇಲೇ ಬೀಳುತ್ತದೆ, ಕೆಳಗಿನ ಸಂದಿಯಿಂದ ಬಂದದ್ದು ಅಂಚಿನ ಟೈಲ್ಸ್ ದಾಟುವುದಿಲ್ಲ. ತಾಡಪತ್ರಿ (ಟಾರ್ಪಾಲಿನ್) ಹಾಕಿದರೂ ನೀರು ನಿಲ್ಲುತ್ತದೆ, ಆದರೆ ನೀಲಿ ಕತ್ತಲೆಯಲ್ಲಿ ದಿನವಿಡೀ ಕೂತು ಕೆಲಸ ಮಾಡಲಾಗದು.

ಪುಣೆಯ ಅಟ್ಯಾಚ್ಡ್ ಟೆರೇಸ್‌ನ ಸಮಸ್ಯೆ ಬೇರೆ, ಅಲ್ಲಿ ತಲೆಯ ಮೇಲೆ ಏನೂ ಇಲ್ಲ. ಮೊದಲ ಎಚ್ಚರಿಕೆ: ಟೆರೇಸ್‌ನ ನೆಲವನ್ನು ಯಾವ ಕಾರಣಕ್ಕೂ ಕೊರೆಯಬೇಡಿ. ಟೈಲ್ಸ್ ಕೆಳಗೆ ಬ್ರಿಕ್‌ಬ್ಯಾಟ್ ಕೋಬಾ ಎಂಬ ಇಟ್ಟಿಗೆ ಚೂರಿನ ಜಲನಿರೋಧಕ ಪದರ ಇರುತ್ತದೆ. ಒಂದು ಬೋಲ್ಟ್‌ಗಾಗಿ ತೆಗೆದ ತೂತಿನಿಂದ ಇಳಿದ ನೀರು ಆ ಪದರದೊಳಗೆ ಹರಿದು, ಕೆಳಗಿನ ಮನೆಯವರ ಛಾವಣಿಯಲ್ಲಿ ಎಲ್ಲೋ ದೂರದಲ್ಲಿ ಸೋರುತ್ತದೆ. ಮೂಲ ಹುಡುಕುವುದು ಬಹಳ ಕಷ್ಟ, ರಿಪೇರಿಯ ಖರ್ಚು ಇಡೀ ಕೆಲಸದ ಜಾಗಕ್ಕೆ ಆದ ಖರ್ಚನ್ನು ಮೀರುತ್ತದೆ.

ನೆರಳಿನ ಬಟ್ಟೆಯನ್ನು ಕಟ್ಟುವಾಗ ಗಾಳಿಯ ಬಲವನ್ನು ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ಬೀಸುವ ಗಾಳಿ ಚದರ ಮೀಟರ್‌ಗೆ ಸುಮಾರು 17 ಕಿಲೋದಷ್ಟು ಒತ್ತುತ್ತದೆ. 3 ಮೀಟರ್ ಉದ್ದಗಲದ ಬಟ್ಟೆ ಎಂದರೆ 9 ಚದರ ಮೀಟರ್, ಒಟ್ಟು 150 ಕಿಲೋ. ನಾಲ್ಕು ಮೂಲೆಗೆ ತಲಾ 25 ಕಿಲೋದ ಸಿಮೆಂಟ್ ಕುಂಡ ಇಟ್ಟು ಕಂಬ ನಿಲ್ಲಿಸಿದರೆ ಏಪ್ರಿಲ್‌ನ ಒಂದು ಸಂಜೆ ಗಾಳಿಗೆ ಎಲ್ಲವೂ ಮಗುಚುವುದು ಇದಕ್ಕೇ. ಎರಡು ಮೂಲೆಗಳನ್ನು ಮನೆಯ ಆರ್‌ಸಿಸಿ ಬೀಮ್‌ಗೆ 10 ಮಿ.ಮೀ. ಐ ಬೋಲ್ಟ್ ಹಾಕಿ ಕಟ್ಟಿ. ಉಳಿದೆರಡಕ್ಕೆ ಪ್ಯಾರಾಪೆಟ್ ಗೋಡೆಯ ಒಳಮೈಗೆ 50 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಕಬ್ಬಿಣದ ಕಂಬ ಬಿಗಿಸಿ. ಆ ಗೋಡೆ ಕಾಂಕ್ರೀಟಿನದಾಗಿದ್ದರೆ ಮಾತ್ರ. ನಾಲ್ಕಿಂಚಿನ ಇಟ್ಟಿಗೆ ಗೋಡೆ ಈ ಎಳೆತಕ್ಕೆ ನಿಲ್ಲದು. ಎರಡು ಮೂಲೆಗಳಿಗೆ ಕೊಕ್ಕೆ ಹಾಕಿ, ಬಟ್ಟೆ ಒಂದು ನಿಮಿಷದಲ್ಲಿ ಇಳಿಯುವಂತಿರಲಿ. ಮೋಡ ಕಟ್ಟಿ ಗಾಳಿ ನಿಂತ ಸಂಜೆ ಇಳಿಸಿಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒಳಗೇ ಇರಲಿ. ಎತ್ತರದ ಮಹಡಿಗಳಲ್ಲಿ ತೋಟದ ದೊಡ್ಡ ಛತ್ರಿಯ ಯೋಚನೆಯೇ ಬೇಡ.

ಶಾಶ್ವತ ಮಾಡು ಹಾಕಿಸಲು ಒಪ್ಪಿಗೆ ಸಿಕ್ಕರೆ 6 ಮಿ.ಮೀ. ಮಲ್ಟಿವಾಲ್ (ಒಳಗೆ ಸಾಲು ಕೊಳವೆಗಳಿರುವ) ಪಾಲಿಕಾರ್ಬೊನೇಟ್ ಹಾಳೆ ಸಾಕು. ಕನಿಷ್ಠ 5 ಡಿಗ್ರಿ ಇಳಿಜಾರು ಇರಲಿ, ಯುವಿ ಲೇಪ ಇರುವ ಮುಖ ಮೇಲಕ್ಕಿರಲಿ, ಅಡ್ಡ ಅಂಚುಗಳಿಗೆ ಟೇಪ್ ಹಾಕಿಸಿ. ಅದಿಲ್ಲದಿದ್ದರೆ ಕೊಳವೆಗಳೊಳಗೆ ಪಾಚಿ ಬೆಳೆದು ಹಾಳೆ ಹಸಿರಾಗುತ್ತದೆ. ಬಿಸಿಲು ನೆರಳಿನ ನಡುವೆ ಈ ಹಾಳೆ ಮೀಟರಿಗೆ ಸುಮಾರು 3 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ತೂತು ಸ್ಕ್ರೂಗಿಂತ ಅಷ್ಟು ದೊಡ್ಡದಿಲ್ಲದಿದ್ದರೆ ಸ್ಕ್ರೂ ಸುತ್ತ ಬಿರುಕು ಬಿಡುತ್ತದೆ. ಅಂಗಡಿಯವರು ಹೇಳದ ಒಂದು ಮಾತೂ ಇದೆ. ಜೋರು ಮಳೆಯಲ್ಲಿ ಇದರ ಕೆಳಗೆ ಕೂತು ಫೋನ್‌ನಲ್ಲಿ ಮಾತಾಡುವುದು ಅಸಾಧ್ಯ, ಅಷ್ಟು ಸದ್ದು.

ವಿದ್ಯುತ್ತು: ಇಲ್ಲಿ ಉಳಿತಾಯ ಬೇಡ

ಮೊದಲು ಎಷ್ಟು ಬೇಕು ಎಂಬ ಲೆಕ್ಕ. ಲ್ಯಾಪ್‌ಟಾಪ್ ಚಾರ್ಜರ್ 65–100 ವಾಟ್, ಮಾನಿಟರ್ 30, ಗೋಡೆಯ ಫ್ಯಾನ್ 55–60, ದೀಪ 10. ಒಟ್ಟು 200 ವಾಟ್ ಆಸುಪಾಸು, 230 ವೋಲ್ಟ್‌ನಲ್ಲಿ ಒಂದು ಆಂಪಿಯರ್‌ಗೂ ಕಡಿಮೆ. ಎರಡು 6 ಆಂಪಿಯರ್ ಸಾಕೆಟ್ ಸಾಕು. 16 ಆಂಪಿಯರ್‌ನದು ಹಾಕಿಸಿದರೆ ನಾಳೆ ಯಾರಾದರೂ ಅಲ್ಲಿ ಇಂಡಕ್ಷನ್ ಒಲೆ ಹಚ್ಚುತ್ತಾರೆ, ಹಾಕಿಸದಿರುವುದೇ ಮೇಲು.

ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಹಾಲ್‌ನ ಸ್ವಿಚ್‌ಬೋರ್ಡಿನಿಂದ ವೈರ್ ಎಳೆದುಕೊಡುತ್ತೇನೆ ಎಂದು ಆತ ಹೇಳಬಹುದು. 'ಅಲಗ್ ಲೈನ್, ತೀಸ್ ಮಿಲಿ ಕಾ ಆರ್‌ಸಿಸಿಬಿ' ಎಂದೇ ಪಟ್ಟು ಹಿಡಿಯಿರಿ. ಮನೆಯ ಡಿಬಿಯಿಂದ (ವಿದ್ಯುತ್ತು ಹಂಚುವ ಪೆಟ್ಟಿಗೆ) ಪ್ರತ್ಯೇಕ ಲೈನ್, ಅದಕ್ಕೆ 6 ಆಂಪಿಯರ್ ಎಂಸಿಬಿ (ವಿದ್ಯುತ್ತು ಮಿತಿ ಮೀರಿ ಹರಿದರೆ ಬೀಳುವ ಸ್ವಿಚ್), 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ತು ಸೋರಿದರೆ ಬೀಳುವ ಸ್ವಿಚ್), 1.5 ಚದರ ಮಿ.ಮೀ. ತಾಮ್ರದ ಮೂರು ತಂತಿ. ಡಿಬಿಯಲ್ಲಿ ಈಗಾಗಲೇ 30 ಮಿಲಿಯ ಆರ್‌ಸಿಸಿಬಿ ಇದ್ದರೂ ಬಾಲ್ಕನಿಗೆ ಬೇರೆಯದೇ ಇರಲಿ, ಅದರ ಲೈನು ಹಳೆಯದಕ್ಕೂ ಮೊದಲೇ ಕವಲೊಡೆದಿರಲಿ, ಆಗ ಹೊರಗಿನ ತೇವಕ್ಕೆ ಇಡೀ ಮನೆ ಕತ್ತಲಾಗುವುದಿಲ್ಲ. ಎಂಸಿಬಿ ಒಂದೇ ಯಾಕೆ ಸಾಲದು ಎಂದರೆ, ಅದು ಬೀಳುವುದು ಆರು ಆಂಪಿಯರ್ ಮೀರಿ ಹರಿದಾಗ. ಒದ್ದೆ ಕಾಲಲ್ಲಿ ನಿಂತವರ ಮೈಯಿಂದ ಅದರ ಅರವತ್ತನೇ ಒಂದು ಪಾಲು ಹರಿದರೂ ಪ್ರಾಣ ಹೋಗಬಹುದು, ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಹೊಸ ಲೈನಿನ ನ್ಯೂಟ್ರಲ್ ಕೂಡ ಅದೇ ಆರ್‌ಸಿಸಿಬಿಯಿಂದ ಬಂದಿರಬೇಕು. ಬೇರೆ ಲೈನಿನ ನ್ಯೂಟ್ರಲ್ ಸೇರಿಸಿದರೆ ಫ್ಯಾನ್ ಹಾಕಿದ ಕೂಡಲೇ ಬೀಳುತ್ತದೆ, ಬೇಸತ್ತ ಜನ ಆರ್‌ಸಿಸಿಬಿಯನ್ನೇ ಕಿತ್ತುಹಾಕುತ್ತಾರೆ.

ಸಾಕೆಟ್ ಪೆಟ್ಟಿಗೆ ಐಪಿ55 ಗುರುತಿನದಾಗಿರಲಿ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ; 4 ಎಂದರೆ ಸಿಡಿಯುವ ನೀರು, 5 ಎಂದರೆ ಪೈಪಿನಿಂದ ಹೊಡೆದ ನೀರು. ಆ ಅಂಕಿಗೆ ಬೆಲೆಯಿರುವುದು ಮುಚ್ಚಳ ಮುಚ್ಚಿದಾಗ ಮಾತ್ರ. ಚಪ್ಪಟೆ ಮುಚ್ಚಳದ ಪೆಟ್ಟಿಗೆಯಲ್ಲಿ ಪ್ಲಗ್ ಹಾಕಿದರೆ ಮುಚ್ಚಳ ಕೂರುವುದೇ ಇಲ್ಲ. ಚಾರ್ಜರ್ ಪ್ಲಗ್ ಸಿಕ್ಕಿಸಿದ ಮೇಲೂ ಮುಚ್ಚುವ, ಉಬ್ಬು ಮುಚ್ಚಳದ್ದನ್ನೇ ಕೊಳ್ಳಿ. ಅಂಗಡಿಗೆ ಹೋಗುವಾಗ ನಿಮ್ಮ ಚಾರ್ಜರ್ ಒಯ್ದು ಹಾಕಿ ನೋಡಿ. ಮುಂಬಯಿಯ ಲೋಹಾರ್ ಚಾಳ್, ಪುಣೆಯ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿ, ಎರಡರಲ್ಲೂ ಬೇಕಾದ ಬಗೆ ಸಿಗುತ್ತದೆ.

ಪೆಟ್ಟಿಗೆ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ, ಎರಚಲು ಬಾರದ ಗೋಡೆಯಲ್ಲಿ ಇರಲಿ. ವೈರ್ ಕೆಳಗಿನಿಂದ ಗ್ಲ್ಯಾಂಡ್ (ವೈರನ್ನು ಬಿಗಿಯಾಗಿ ಹಿಡಿದು ನೀರು ತಡೆಯುವ ಬಿರಡೆ) ಮೂಲಕ ಒಳಹೋಗಬೇಕು. ಮೇಲಿನಿಂದ ಬಂದರೆ ವೈರಿನ ಗುಂಟ ಇಳಿದ ನೀರು ನೇರ ಸಾಕೆಟ್ ಸೇರುತ್ತದೆ. ಅದೇ ಕಾರಣಕ್ಕೆ ಗ್ಲ್ಯಾಂಡ್‌ಗೆ ಮೊದಲು ವೈರ್ ಒಂದಿಷ್ಟು ಕೆಳಗೆ ಬಾಗಿ ಮತ್ತೆ ಮೇಲೇರಲಿ, ನೀರು ಆ ಬಾಗಿನ ತುದಿಯಿಂದ ತೊಟ್ಟಿಕ್ಕುತ್ತದೆ. ಒಳಗೆ ಹಾಕುವ ತೆಳು ಬಿಳಿ ಪಟ್ಟಿ ಬಿಸಿಲಿಗೆ ಸೀಳುತ್ತದೆ, ದಪ್ಪನೆಯ ಕಂಡ್ಯುಟ್ ಪೈಪ್ ಹಾಕಿಸಿ. ಕೆಲಸ ಮುಗಿದ ಮೇಲೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡಿ, ಮುಂದೆ ತಿಂಗಳಿಗೊಮ್ಮೆ ಒತ್ತುತ್ತಿರಿ.

ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದಾಗ ಬೆರಳು ಜುಮ್ಮೆಂದರೆ ಅರ್ಥಿಂಗ್ ಇಲ್ಲ ಅಥವಾ ಚಾರ್ಜರ್ ಎರಡು ಪಿನ್ನಿನದು ಎಂದು ಅರ್ಥ. ಹಳೆಯ ಕಟ್ಟಡಗಳಲ್ಲಿ ಇದು ಸಾಮಾನ್ಯ, ಒದ್ದೆ ಟೈಲ್ಸ್ ಮೇಲೆ ಬರಿಗಾಲಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಸಾಕೆಟ್‌ನ ಅರ್ಥಿಂಗ್ ಪರೀಕ್ಷೆ ಮಾಡಿಸದೆ ಹೊರಗೆ ಕೂರಬೇಡಿ. ಒಳಗಿನಿಂದ ಎಕ್ಸ್‌ಟೆನ್ಶನ್ ಬೋರ್ಡ್ ಎಳೆದುಕೊಂಡು ಕೆಲಸ ನಡೆಸುವುದು ಒಣ ತಿಂಗಳುಗಳಿಗೆ ಸರಿ. ಸಂಜೆ ಸುತ್ತಿ ಒಳಗಿಡಬೇಕು, ನೆಲದ ಮೇಲೆ ಬಿಡಬಾರದು.

ಮೇಜು

ಗೋಡೆಗೆ ಹೊಂದಿಸಿದ ಮಡಚುವ ಮೇಜೇ ಬಾಲ್ಕನಿಗೆ ಸರಿ. ನೆಲದಲ್ಲಿ ಕಾಲು ಊರುವುದಿಲ್ಲ, ಗುಡಿಸಲು ಅಡ್ಡಿಯಿಲ್ಲ, ಮಳೆ ಬಂದರೆ ಮಡಚಬಹುದು. ಬೇಕಾಗುವುದು ಇಷ್ಟು:

- 900 × 500 ಮಿ.ಮೀ. ಅಳತೆಯ, 18 ಅಥವಾ 19 ಮಿ.ಮೀ. ದಪ್ಪದ ಮರೀನ್ ಪ್ಲೈವುಡ್, ಮೇಲೆ ಐಎಸ್ 710 ಗುರುತು ಇರುವಂಥದ್ದು
- ಎರಡೂ ಮುಖಕ್ಕೆ 1 ಮಿ.ಮೀ. ಲ್ಯಾಮಿನೇಟ್, ನಾಲ್ಕೂ ಅಂಚಿಗೆ 2 ಮಿ.ಮೀ. ಪಿವಿಸಿ ಪಟ್ಟಿ
- 350–400 ಮಿ.ಮೀ. ತೋಳಿನ, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಮಡಚುವ ಬ್ರ್ಯಾಕೆಟ್ ಒಂದು ಜೊತೆ
- ಅದೇ ಸ್ಟೀಲಿನ ಸ್ಕ್ರೂ, ಗೋಡೆಗೆ ತಕ್ಕ ಆ್ಯಂಕರ್ (ಗೋಡೆಯೊಳಗೆ ಸ್ಕ್ರೂ ಹಿಡಿದಿಡುವ ತುಂಡು), ಒಂದು ಟ್ಯೂಬ್ ಸಿಲಿಕೋನ್

ಲ್ಯಾಮಿನೇಟ್ ಮೇಲ್ಮುಖಕ್ಕೆ ಮಾತ್ರ ಅಂಟಿಸಿದರೆ ಕೆಳಮುಖ ತೇವ ಹೀರಿ ಹಲಗೆ ಬಾಗುತ್ತದೆ. ಬಡಗಿಗಳು ಕೆಳಗೆ ಕಾಣುವುದಿಲ್ಲವಲ್ಲ ಎಂದು ಬಿಡುವುದುಂಟು, ಬಿಡಲು ಒಪ್ಪಬೇಡಿ. ಪ್ರತಿ ಸ್ಕ್ರೂ ತೂತಿಗೂ ಸಿಲಿಕೋನ್ ತುಂಬಿ ಆಮೇಲೆ ಸ್ಕ್ರೂ ತಿರುಗಿಸಲಿ, ಪ್ಲೈ ಊದುವುದು ಅಂಚಿನಿಂದ ಮತ್ತು ತೂತಿನಿಂದಲೇ. ವರ್ಸೋವಾ, ವರ್ಲಿ, ಬಾಂದ್ರಾದಂಥ ಸಮುದ್ರದ ದಂಡೆಯಲ್ಲಿ 304 ಕೂಡ ಕಂದು ಕಲೆ ಹಿಡಿಯುತ್ತದೆ. 316 ದರ್ಜೆಯದು ದುಬಾರಿ, ಸಿಗದಿದ್ದರೆ 304ನ್ನೇ ಹಾಕಿ ತಿಂಗಳಿಗೊಮ್ಮೆ ಸಿಹಿನೀರಿನ ಬಟ್ಟೆಯಿಂದ ಒರೆಸಿ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಯಾವ ಬೆಲೆಗೂ ಬೇಡ. ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ ಹಲಗೆ) ನೀರಿಗೆ ಹೆದರದು, ಆದರೆ ಬಿಸಿಲಿಗೆ ಮೆತ್ತಗಾಗಿ ನಡುವೆ ಬಗ್ಗುತ್ತದೆ. ಕೆಳಗೆ ಚೌಕಟ್ಟು ಇದ್ದರೆ ಮಾತ್ರ. ಹಳೆಯ ಸಾಗವಾನಿ ಹಲಗೆ ಜೋಗೇಶ್ವರಿ ಪಶ್ಚಿಮದ ಓಶಿವರಾ ಮಾರ್ಕೆಟ್ಟಿನಲ್ಲಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಪ್ರತಿ ಮೇ ತಿಂಗಳಲ್ಲಿ, ಮರ ಪೂರ್ತಿ ಒಣಗಿರುವಾಗ, ಪಿಯು (ಪಾಲಿಯುರೆಥೇನ್) ಪಾಲಿಶ್ ಒಂದು ಕೈ ಹಾಕಬೇಕು.

ಕೂಡಿಸುವ ಕ್ರಮ ಹೀಗೆ. ಕುಳಿತಾಗ ಮೊಣಕೈ ಎತ್ತರಕ್ಕೆ ಬರುವಂತೆ, ಸುಮಾರು 730 ಮಿ.ಮೀ. ಎತ್ತರದಲ್ಲಿ ಗೋಡೆಗೆ ಗುರುತು ಹಾಕಿ. ಎರಡನೇ ಬ್ರ್ಯಾಕೆಟ್‌ನ ಗುರುತನ್ನು ನೆಲದಿಂದ ಅಳೆಯಬೇಡಿ, ಮಟ್ಟಗೋಲಿನಿಂದ ತೆಗೆಯಿರಿ. ಬಾಲ್ಕನಿಯ ನೆಲ ನಹಾಣಿಯ (ನೀರು ಇಳಿದುಹೋಗುವ ಕಿಂಡಿ) ಕಡೆಗೆ ಮೀಟರಿಗೆ ಹತ್ತು ಮಿ.ಮೀ. ಇಳಿದಿರುತ್ತದೆ. ಗೋಡೆಯಲ್ಲಿ ಒಂದು ಸಣ್ಣ ತೂತು ಕೊರೆದು ಉದುರುವ ಪುಡಿ ನೋಡಿ. ಕೆಂಪಾದರೆ ಇಟ್ಟಿಗೆ, ಬಿರುಸಾದ ಬೂದು ಪುಡಿಯಾದರೆ ಕಾಂಕ್ರೀಟು, ಮೆತ್ತನೆ ಹಿಟ್ಟಿನಂತೆ ಬಿಳಿ ಅಥವಾ ತಿಳಿಬೂದಾಗಿ ಸರಸರ ಇಳಿದರೆ ಎಎಸಿ ಬ್ಲಾಕ್ (ಗಾಳಿಗುಳ್ಳೆಗಳ ಹಗುರ ಕಾಂಕ್ರೀಟ್ ಇಟ್ಟಿಗೆ), ಇಲ್ಲಿಯವರ ಬಾಯಲ್ಲಿ ಸಿಪೊರೆಕ್ಸ್. ಮುಂಬಯಿ, ಪುಣೆಯ ಹೊಸ ಟವರುಗಳಲ್ಲಿ ಹೆಚ್ಚಾಗಿ ಇದೇ. ಕಾಂಕ್ರೀಟಿಗೆ 8 ಮಿ.ಮೀ. ಹಿಗ್ಗುವ ಲೋಹದ ಬೋಲ್ಟ್ ಸರಿ. ಅದನ್ನೇ ಎಎಸಿಗೆ ಹಾಕಿದರೆ ಬಿಗಿದಷ್ಟೂ ಸುತ್ತಲಿನ ಬ್ಲಾಕ್ ಪುಡಿಯಾಗಿ ಕೆಲವೇ ತಿಂಗಳಲ್ಲಿ ಮೇಜು ಜೋಲುತ್ತದೆ. ಎಎಸಿಗೆಂದೇ ಮಾಡಿದ 80–100 ಮಿ.ಮೀ. ಉದ್ದದ ನೈಲಾನ್ ಆ್ಯಂಕರ್ ಅಥವಾ ಅಂಟು ತುಂಬಿ ಕೂರಿಸುವ ಕೆಮಿಕಲ್ ಆ್ಯಂಕರ್ ಬೇಕು. ಚಿತ್ರಪಟಕ್ಕೆ ಹಾಕುವ ಪ್ಲಾಸ್ಟಿಕ್ ಗಿಟ್ಟಿ ಯಾವ ಗೋಡೆಗೂ ಸಾಲದು. ಈ ಸಾಮಾನು ನಾಗ್‌ದೇವಿ ಸ್ಟ್ರೀಟ್‌ನಲ್ಲಿ ಬಿಡಿಯಾಗಿಯೂ ಸಿಗುತ್ತದೆ.

ಹಲಗೆ ಮತ್ತು ಗೋಡೆಯ ನಡುವೆ 20 ಮಿ.ಮೀ. ಬಿಡಿ, ಗೋಡೆಯ ತೇವ ಅಂಚಿಗೆ ತಾಗುವುದಿಲ್ಲ, ವೈರ್ ಇಳಿಸಲೂ ದಾರಿಯಾಗುತ್ತದೆ. ಮುಂದಿನ ಅಂಚು ಹಿಂದಿನದಕ್ಕಿಂತ 3 ಮಿ.ಮೀ. ತಗ್ಗಿರಲಿ, ಬಿದ್ದ ನೀರು ನಿಲ್ಲದೆ ಇಳಿಯುತ್ತದೆ. ಕೊನೆಗೆ 25 ಕಿಲೋ ಅಕ್ಕಿ ಚೀಲವನ್ನು ಮುಂದಿನ ಅಂಚಿನಲ್ಲಿ ರಾತ್ರಿಯಿಡೀ ಇಡಿ. ಬೆಳಗ್ಗೆ ಬ್ರ್ಯಾಕೆಟ್ ಗೋಡೆಯಿಂದ ಕೂದಲೆಳೆಯಷ್ಟು ಎದ್ದಿದ್ದರೂ ಆ್ಯಂಕರ್ ಬದಲಿಸಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮೇಜಿನಿಂದ ರೇಲಿಂಗ್‌ಗೆ ಹತ್ತಲಾಗದಷ್ಟು ದೂರ ಇರಲಿ, ಕುರ್ಚಿಯನ್ನು ಕೆಲಸವಾದ ಕೂಡಲೇ ಒಳಗೆ ತನ್ನಿ. ಬಲೆಯೋ ಗ್ರಿಲ್ಲೋ ಇಲ್ಲದ ಬಾಲ್ಕನಿಯಲ್ಲಿ ಈ ಮಾತಿಗೆ ವಿನಾಯಿತಿ ಇಲ್ಲ.

ಕುರ್ಚಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚಕ್ರದ ಆಫೀಸ್ ಕುರ್ಚಿ ಇಳಿಜಾರಿನಲ್ಲಿ ನಹಾಣಿಯ ಕಡೆ ಜಾರುತ್ತಿರುತ್ತದೆ, ತೇವಕ್ಕೆ ಅದರ ಚಕ್ರವೂ ತುಕ್ಕು ಹಿಡಿಯುತ್ತದೆ. ಬೆತ್ತದ್ದು ಮಳೆಗಾಲದಲ್ಲಿ ಬೂಸ್ಟು. ಗಟ್ಟಿ ಪ್ಲಾಸ್ಟಿಕ್ಕಿನ, 430–450 ಮಿ.ಮೀ. ಎತ್ತರದ, ನಾಲ್ಕು ಕಾಲಿನ ಕುರ್ಚಿಗೆ ಒಳಗಿಂದ ತಂದು ಹಾಕುವ ಕುಶನ್ ಸಾಕು. ಲ್ಯಾಪ್‌ಟಾಪನ್ನು ಸ್ಟ್ಯಾಂಡ್ ಮೇಲೆ 15–20 ಸೆಂ.ಮೀ. ಎತ್ತರಿಸಿ ಬೇರೆ ಕೀಬೋರ್ಡ್ ಬಳಸಿದರೆ ಕತ್ತು ಉಳಿಯುತ್ತದೆ. ಲ್ಯಾಪ್‌ಟಾಪ್, ಸ್ಟ್ಯಾಂಡ್, ಕೀಬೋರ್ಡ್, ಚಾರ್ಜರ್, ಹೆಡ್‌ಸೆಟ್ ಎಲ್ಲಕ್ಕೂ ಒಂದೇ ಅಗಲವಾದ ಹಿಡಿಕೆಯ ಬುಟ್ಟಿ ಇಟ್ಟುಕೊಳ್ಳಿ. ಎರಡು ನಿಮಿಷದ ನಿಯಮ ನಡೆಯುವುದು ಆ ಬುಟ್ಟಿಯಿಂದಲೇ.

ಕಂಪ್ಯೂಟರ್ ಪರದೆ, ಇಂಟರ್ನೆಟ್, ಕರೆ

ನೇರ ಬಿಸಿಲಿನಲ್ಲಿ ಬೆಳಕು ಒಂದು ಲಕ್ಷ ಲಕ್ಸ್ (ಬೆಳಕಿನ ಅಳತೆ) ಮುಟ್ಟುತ್ತದೆ, ತೆರೆದ ನೆರಳಿನಲ್ಲಿ ಹತ್ತು ಸಾವಿರದ ಮೇಲೆ. ಆಫೀಸಿನೊಳಗೆ ಇರುವುದು 300–500. ಸಾಮಾನ್ಯ ಲ್ಯಾಪ್‌ಟಾಪ್ ಪರದೆಯ 250–300 ನಿಟ್ ಹೊಳಪು ಇದರ ಮುಂದೆ ಮಂಕಾಗುತ್ತದೆ. ಹೊಸದು ಕೊಳ್ಳುವುದಿದ್ದರೆ 400ಕ್ಕಿಂತ ಹೆಚ್ಚಿನ, ಮಿರುಗದ ಪರದೆ ನೋಡಿ. ಇರುವುದರಲ್ಲೇ ನಡೆಸುವುದಾದರೆ ಪರದೆ ತೆರೆದ ಬದಿಗೆ ಅಡ್ಡವಾಗಿ ನಿಲ್ಲಲಿ. ಆಕಾಶಕ್ಕೆ ಬೆನ್ನು ಹಾಕಿದರೆ ಪರದೆಯಲ್ಲಿ ಆಕಾಶವೇ ಕಾಣುತ್ತದೆ, ಆಕಾಶಕ್ಕೆ ಮುಖ ಮಾಡಿದರೆ ಕಣ್ಣು ಕುಕ್ಕುತ್ತದೆ. ವಿಡಿಯೊ ಕರೆಯಲ್ಲಿಯೂ ಹಾಗೆಯೇ. ಹಿಂದೆ ಆಕಾಶವಿದ್ದರೆ ಮುಖ ಕಪ್ಪಾಗುತ್ತದೆ, ಪಕ್ಕದ ಬೆಳಕಿನಲ್ಲಿ ಚೆನ್ನಾಗಿ ಬರುತ್ತದೆ. ಬಿಳಿ ಅಂಗಿ ಪರದೆಯಲ್ಲಿ ಪ್ರತಿಫಲಿಸುತ್ತದೆ, ಗಾಢ ಬಣ್ಣದ್ದು ಹಾಕಿಕೊಂಡರೆ ಓದು ಸುಲಭ.

ವೈಫೈ ಕಾಂಕ್ರೀಟ್ ಗೋಡೆಗೂ ಬಿಸಿಲು ತಡೆವ ಲೋಹದ ಲೇಪದ ಗಾಜಿಗೂ ಸೋಲುತ್ತದೆ. ಬಾಗಿಲು ಮುಚ್ಚಿ, ಹೊರಗೆ ಕೂತು ವೇಗ ಪರೀಕ್ಷಿಸಿ. ಅಪ್‌ಲೋಡ್ 4 ಎಂಬಿಪಿಎಸ್ ಆದರೂ ಸ್ಥಿರವಾಗಿ ಸಿಗದಿದ್ದರೆ ರೌಟರ್‌ನಿಂದ ಕ್ಯಾಟ್6 ಕೇಬಲ್ ಎಳೆದು ಬಾಲ್ಕನಿ ಬಾಗಿಲಿನ ಒಳಬದಿಗೆ ಒಂದು ಆ್ಯಕ್ಸೆಸ್ ಪಾಯಿಂಟ್ (ವೈಫೈ ಬಿತ್ತರಿಸುವ ಇನ್ನೊಂದು ಸಾಧನ) ಇಡಿ. ಸಾಧನ ಒಳಗೇ ಇರಲಿ, ಅಲೆ ಮಾತ್ರ ಹೊರಗೆ ಬರಲಿ. ಪುಣೆಯ ಮೇಲ್ಮಹಡಿಯ ಟೆರೇಸ್‌ಗೆ ಉದ್ದನೆಯ ಕೇಬಲ್ ಎಳೆದಿದ್ದರೆ ಗುಡುಗು ಶುರುವಾದ ಕೂಡಲೇ ರೌಟರ್ ತುದಿಯಲ್ಲಿ ಬಿಚ್ಚಿ. ಸಿಡಿಲು ಹತ್ತಿರ ಎಲ್ಲೋ ಬಡಿದರೂ ಆ ತಂತಿಯಲ್ಲಿ ಹುಟ್ಟುವ ಆಘಾತ ರೌಟರನ್ನು ಸುಡಬಲ್ಲದು.

ಹೆಚ್ಚಿನ ಲ್ಯಾಪ್‌ಟಾಪ್‌ಗಳಿಗೆ ತಯಾರಕರು ಹೇಳುವ ಗಡಿ 35 ಡಿಗ್ರಿ ಸೆಲ್ಸಿಯಸ್. ಪುಣೆಯಲ್ಲಿ ಏಪ್ರಿಲ್ ಮಧ್ಯಾಹ್ನ ನೆರಳಿನಲ್ಲೇ ಅದನ್ನು ಮೀರುತ್ತದೆ. ಆ ತಿಂಗಳುಗಳಲ್ಲಿ ಬೆಳಗ್ಗೆ ಹನ್ನೊಂದರವರೆಗೆ, ಮತ್ತೆ ಸಂಜೆ ಐದರ ಮೇಲೆ ಹೊರಗೆ ಕೂರಿ. ನಡುವಿನ ಹೊತ್ತು ಒಳಗೆ.

ಪಾರಿವಾಳ, ಸೊಳ್ಳೆ

ಪಾರಿವಾಳ ಬರುವ ಬಾಲ್ಕನಿಯಲ್ಲಿ ಮೇಜು ಇಡುವ ಮೊದಲು ಬಲೆ ಹಾಕಿಸಿ. 40–50 ಮಿ.ಮೀ. ಕಣ್ಣಿನ ನೈಲಾನ್ ಬಲೆ ಸಾಕು, ಸುತ್ತಲೂ ಸ್ಟೀಲ್ ತಂತಿ ಎಳೆದು ಅದಕ್ಕೆ ಹೆಣೆಸಿ. ಸಡಿಲವಾಗಿ ಕೊಕ್ಕೆಗೆ ಸಿಕ್ಕಿಸಿದರೆ ಮೂಲೆಯಿಂದ ನುಗ್ಗುತ್ತವೆ. ಹಳೆಯ ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸಬೇಡಿ. ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿ, ನೀರು ಚಿಮುಕಿಸಿ, ನೆನೆದ ಮೇಲೆ ತೆಗೆಯಿರಿ.

ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಲ್ಲೇ, ನೀವು ಕೂತಿರುವ ಹೊತ್ತಿನಲ್ಲೇ. ಕುಂಡದ ತಟ್ಟೆ, ಮಡಚಿದ ತಾಡಪತ್ರಿಯ ಗುಳಿ, ನಹಾಣಿ, ಎಲ್ಲ ಕಡೆಯ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರಕ್ಕಿಂತ ತುಸು ಹೆಚ್ಚು ಸಾಕು. ಮೇಜಿನ ಕೆಳಗೆ ಕಾಲಿಗೆ ತಾಗುವಂತೆ ಫ್ಯಾನಿನ ಗಾಳಿ ಬಂದರೆ ಅವು ಹತ್ತಿರ ಸುಳಿಯುವುದು ಕಡಿಮೆ. ಸಂಜೆಯ ದೀಪ ಹಳದಿ ಛಾಯೆಯದಿರಲಿ, ಬಿಳಿ ನೀಲಿ ಬೆಳಕಿಗಿಂತ ಅದಕ್ಕೆ ಹುಳು ಕಡಿಮೆ ಬರುತ್ತವೆ.

ಮಳೆಗಾಲದಲ್ಲಿ

ಜುಲೈಯಲ್ಲಿ ಎಸಿ ಕೋಣೆಯಿಂದ ಲ್ಯಾಪ್‌ಟಾಪ್ ಹಿಡಿದು ನೇರ ಬಾಲ್ಕನಿಗೆ ಬಂದರೆ ಅದರ ಮೈ ಬೆವರುತ್ತದೆ. ಮುಂಬಯಿಯ ಮಳೆಗಾಲದ ಗಾಳಿಯಲ್ಲಿರುವ ತೇವ ಸುಮಾರು 25 ಡಿಗ್ರಿಗೇ ಹನಿಗಟ್ಟುತ್ತದೆ, 22–23 ಡಿಗ್ರಿಗೆ ತಣಿದ ಲೋಹ ಸಿಕ್ಕರೆ ಅದರ ಮೇಲೂ ಒಳಗೂ ಕೂರುತ್ತದೆ. ಲ್ಯಾಪ್‌ಟಾಪನ್ನು ಮುಚ್ಚಿದ ಚೀಲದಲ್ಲೇ ಅರ್ಧ ಗಂಟೆ ಹೊರಗಿಟ್ಟು, ಅದು ಹೊರಗಿನ ಬಿಸಿಗೆ ಬಂದ ಮೇಲೆ ತೆರೆದು ಆನ್ ಮಾಡಿ. ಎಸಿಯನ್ನು 27ಕ್ಕೆ ಇಟ್ಟರೆ ಈ ಸಮಸ್ಯೆಯೇ ಇಲ್ಲ. ಸಮುದ್ರದ ಹತ್ತಿರವಿದ್ದರೆ ಯಾವ ಸಾಧನವನ್ನೂ ರಾತ್ರಿ ಹೊರಗೆ ಬಿಡಬೇಡಿ, ಉಪ್ಪುಗಾಳಿ ಮೊದಲು ತಿನ್ನುವುದು ಯುಎಸ್‌ಬಿ ಪೋರ್ಟ್‌ಗಳನ್ನು.

ಮಳೆಯ ದಿನ ಆರ್‌ಸಿಸಿಬಿ ಬಿದ್ದರೆ ಎಲ್ಲ ಪ್ಲಗ್ ಕಿತ್ತು ಅದನ್ನು ಮತ್ತೆ ಎತ್ತಿ. ನಿಂತರೆ ಒಂದೊಂದಾಗಿ ಪ್ಲಗ್ ಹಾಕುತ್ತಾ ಹೋಗಿ, ಯಾವುದಕ್ಕೆ ಬೀಳುತ್ತದೋ ದೋಷ ಅದರಲ್ಲಿದೆ. ಹೆಚ್ಚಾಗಿ ಅದು ಹೊರಗಿನ ದೀಪವೋ ಫ್ಯಾನೋ ಆಗಿರುತ್ತದೆ. ಏನೂ ಹಾಕದೆಯೂ ಬಿದ್ದರೆ ಪೆಟ್ಟಿಗೆಯೊಳಗೆ ಅಥವಾ ಪೈಪಿನಲ್ಲಿ ನೀರು ಇಳಿದಿದೆ. ಆ ಲೈನಿನ ಎಂಸಿಬಿ ಇಳಿಸಿಟ್ಟು ಎಲೆಕ್ಟ್ರಿಷಿಯನ್ ಬರುವವರೆಗೆ ಮುಟ್ಟಬೇಡಿ. ಆರ್‌ಸಿಸಿಬಿಯನ್ನು ತಪ್ಪಿಸಿ ನೇರ ಜೋಡಿಸಿಕೊಡುತ್ತೇನೆ ಎನ್ನುವವರನ್ನು ವಾಪಸು ಕಳಿಸಿ.

ಚೌತಿಗೋ ದಸರೆಗೋ ಬೀಗ ಹಾಕಿ ಊರಿಗೆ ಹೊರಡುವಾಗ ಬಾಲ್ಕನಿಯ ಎಂಸಿಬಿ ಇಳಿಸಿ, ಮೇಜು ಮಡಚಿ ಚಿಲಕ ಹಾಕಿ, ಪಿವಿಸಿ ಪರದೆಯನ್ನು ಸುತ್ತಿ ಮೂರು ಕಡೆ ಕಟ್ಟಿ. ಇಳಿಬಿಟ್ಟು ಹೋದರೆ ಗಾಳಿಗೆ ಹರಿಯುವುದು ಖಂಡಿತ. ಸಣ್ಣ ಕುಂಡಗಳನ್ನು ನೆಲಕ್ಕಿಳಿಸಿ. ಕೊನೆಯದಾಗಿ ನಹಾಣಿಯ ಜಾಲರಿ ಎತ್ತಿ ಎಲೆ, ಪಾರಿವಾಳದ ಪುಕ್ಕ, ಮಣ್ಣು ತೆಗೆದು ಒಂದು ಬಕೆಟ್ ನೀರು ಹೊಯ್ದು ನೋಡಿ. ಅದು ಗಳಗಳನೆ ಇಳಿಯಬೇಕು. ಕಟ್ಟಿಕೊಂಡಿದ್ದರೆ ಒಂದೇ ರಾತ್ರಿಯ ಮಳೆಗೆ ನೀರು ಬಾಗಿಲಿನ ಹಳಿ ದಾಟಿ ಹಾಲ್‌ಗೆ ನುಗ್ಗುತ್ತದೆ.